ಚರಟ

ಎಪ್ಪತ್ತೆರಡಕ್ಕೆ ಏರಿಬಿಟ್ಟಿತ್ತು. ಹಿತ್ತಿಲ ಶೆಡ್ಡಿನಲ್ಲಿ ಶಶಾಂಕ ಗ್ಯಾಸ್ ಆರಿಸಿ ಥರ್ಮಾಮೀಟರನ್ನು ಇನ್ನೊಮ್ಮೆ ಅದ್ದಿ ನೋಡಿದ. ಎಪ್ಪತ್ತೆರಡೇ. ಅರವತ್ತಾರರಲ್ಲಿ ಒಂದು ಗಂಟೆ ನಿಲ್ಲಬೇಕಾದದ್ದು. ಒಂದು ಚೊಂಬು ತಣ್ಣೀರು ಹೊಯ್ದು ಮರದ ಸಟ್ಟುಗದಿಂದ ಕಲಕಿದ. ಮೂವತ್ತು ಲೀಟರಿನ ಸ್ಟೀಲ್ ಪಾತ್ರೆಯೊಳಗೆ ಐದು ಕಿಲೋ ಬಾರ್ಲಿ, ಮೊಳಕೆ ಬರಿಸಿ ಒಣಗಿಸಿ ಒಡೆದದ್ದು, ಕಂದು ಗಂಜಿಯಾಗಿ ಲೊಚಗುಟ್ಟಿತು. ಆವಿ ಮುಖಕ್ಕೆ ಬಡಿಯಿತು. ಒದ್ದೆ ಗೋಣಿಚೀಲದ ವಾಸನೆ. ಮೊದಲ ಸಲ ಇದನ್ನೇ ಅವನು ಬಿಸ್ಕತ್ತಿನ ಪರಿಮಳ ಎಂದುಕೊಂಡಿದ್ದ.

ಹೆಂಡತಿ ಅಭಿಜ್ಞಾ ಹಿಂಬಾಗಿಲಲ್ಲಿ ನಿಂತಿದ್ದಳು. ಚೂಡಿದಾರದ ವೇಲು ಮೂಗಿನ ಮೇಲಿತ್ತು.

"ನಾಳೆ ನೀರು ಬತ್ತಿಲ್ಲೆ," ಎಂದಳು.

"ಗೊತ್ತಿದ್ದು."

"ಟ್ಯಾಂಕ್ ಅರ್ಧ ಖಾಲಿ."

"ಗೊತ್ತಿದ್ದು."

"ನಮ್ಮ ಡಾಕ್ಟರ್ ಪ್ರಥಮ ಊಟಕ್ಕೆ ಇರ್ತ್ನ?"

"ಇರ್ತ್ನಿಲ್ಲೆ. ಬಿಯರ್ ರುಚಿ ನೋಡಿ ಹೋಗ್ತ."

ಅವಳು ಪಾತ್ರೆಯನ್ನು ನೋಡಿದಳು, ಅವನನ್ನು ನೋಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದಾಯಿತು. ಸಿಟ್ಟಿನಿಂದಲ್ಲ, ವಾಸನೆ ಅಡುಗೆಮನೆಗೆ ಬರಬಾರದೆಂದು. ಸಿಟ್ಟಾಗಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಹೋದ ತಿಂಗಳು ದೋಸೆಹಿಟ್ಟಿನ ಪಾತ್ರೆ ತೋರಿಸಿ, "ಇದೂ ಹುಳಿ ಬರಿಸೂದೇ ಅಲ್ದ," ಎಂದು ವಾದಿಸಿದ್ದ. "ಇದನ್ನ ತೆರೆದ್ರೆ ಹಸಿವಾಗ್ತು, ನಿಂದು ತೆರೆದ್ರೆ ಬಚ್ಚಲು ನೆನಪಾಗ್ತು," ಎಂದಿದ್ದಳು. ಶಾಲೆಯಲ್ಲಿ ಗಣಿತ ಕಲಿಸುವವಳು. ಒಂದು ಸಲ ಲೆಕ್ಕ ಬಿಡಿಸಿದ ಮೇಲೆ ಮತ್ತೆ ಅದನ್ನು ಮುಟ್ಟುವವಳಲ್ಲ.

ಶಶಾಂಕ ಹೆಗಡೆಯದು ಶಿರಸಿಯಲ್ಲಿ ಸ್ವಂತ ಲ್ಯಾಬು. ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಬಂದು ಹನ್ನೆರಡು ವರ್ಷದಿಂದ ಅವನು ಊರವರ ರಕ್ತ, ಮೂತ್ರ, ಕಫ, ಮಲ ನೋಡುತ್ತಿದ್ದ. ಸಿದ್ಧಾಪುರದಿಂದಲೂ ಯಲ್ಲಾಪುರದಿಂದಲೂ ಬೆಳಗಿನ ಬಸ್ಸಿನಲ್ಲಿ ಸಣ್ಣ ಡಬ್ಬಿಗಳು ಬರುತ್ತಿದ್ದವು, ಕೆಲವು ಇನ್ನೂ ಬೆಚ್ಚಗಿರುತ್ತಿದ್ದವು. ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ಎದುರಿನವನ ಹೆಸರಿಗಿಂತ ಮೊದಲು ಅವನ ರಿಪೋರ್ಟು ನೆನಪಾಗುತ್ತಿತ್ತು. ಜರಿಪಂಚೆ ಉಟ್ಟು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವವನ ಹೊಟ್ಟೆಯಲ್ಲಿ ಕೊಕ್ಕೆಹುಳು. ಬಡಿಸುವವನ ಬೆರಳಿನ ತುದಿಯಲ್ಲಿ ಏನೇನಿದೆ ಎಂದೂ ಅವನಿಗೆ ಗೊತ್ತಿತ್ತು. ಮಜ್ಜಿಗೆಯ ಹೊತ್ತಿಗೆ ಬಾಯಲ್ಲಿ ನೀರು ತುಂಬಿ ಬರುತ್ತಿತ್ತು, ಹಸಿವಿನದಲ್ಲ.

ನಲವತ್ತು ತುಂಬಿದ ವರ್ಷ, ಯಾವುದೋ ವಿಡಿಯೋ ನೋಡಿ, ಬಿಯರ್ ಮಾಡಲು ಹಿಡಿದ. ಸಿದ್ಧ ಪಾಕದ ಡಬ್ಬಿ ತಂದು ನೀರು ಬೆರೆಸುವವರ ಬಗ್ಗೆ ಅವನಿಗೆ ತಿರಸ್ಕಾರವಿತ್ತು. ಮಾಡಿದರೆ ಕಾಳಿನಿಂದಲೇ ಮಾಡಬೇಕು. ಕಾಳು ಒಡೆದು, ನೆನೆಸಿ, ಸಿಹಿ ಇಳಿಸಿ, ಸೋಸಿ, ಹಾಪ್ಸ್ ಎಂಬ ಕಹಿಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟು. ಇದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ ಎಂದು ಅಭಿಜ್ಞಾ ಒಮ್ಮೆ ಹೇಳಿ ಸುಮ್ಮನಾಗಿದ್ದಳು. ಪಕ್ಕದ ಮನೆಯವರಿಗೆ ಮಾಲ್ಟ್, ಆರೋಗ್ಯಕ್ಕೆ, ಎಂದು ಅವನೇ ಹೇಳಿದ್ದ. ದಿನವಿಡೀ ಬೇರೆಯವರ ದೇಹ ಹೊರಹಾಕಿದ್ದನ್ನು ನೋಡುವವನು ತಾನೇ ಒಂದನ್ನು ಹುಟ್ಟಿಸಬೇಕು ಎಂಬ ಆಸೆ ಅದು. ಅಥವಾ ಹಾಗೆಂದು ಅವನು ತನಗೆ ಹೇಳಿಕೊಂಡಿದ್ದ. ಬಿಯರಿನ ರುಚಿ ಅವನಿಗೆ ಸೇರುತ್ತಿರಲಿಲ್ಲ. ಈ ಮಾತನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಲ್ಯಾಬಿನಿಂದ ತಂದ ಅಯೋಡಿನ್ನನ್ನು ಒಂದು ಹನಿ ಗಂಜಿಗೆ ಬಿಟ್ಟ. ಕಪ್ಪಾಗಲಿಲ್ಲ, ಪಿಷ್ಟವೆಲ್ಲ ಸಕ್ಕರೆಯಾಗಿತ್ತು. ಬಾರ್ಲಿ ತುಂಬಿದ್ದ ಬಟ್ಟೆಚೀಲವನ್ನು ಪಾತ್ರೆಯಿಂದ ಎತ್ತಿ ಹಿಂಡಿದ. ಬಿಸಿ ಜಿಗುಟು ಮೊಣಕೈವರೆಗೆ ಇಳಿಯಿತು. ರಸ ಕುದಿಯಲು ಇಟ್ಟು, ಉಳಿದ ಚರಟವನ್ನು ಹಿತ್ತಿಲ ಟಬ್ಬಿಗೆ ಸುರಿದ. ಹಾಲು ಕೊಡುವ ಬೀರ ಮಧ್ಯಾಹ್ನ ಬಂದು ಎಮ್ಮೆಗೆಂದು ಒಯ್ಯುತ್ತಿದ್ದ. ಮಾರ್ಚ್ ತಿಂಗಳ ಬಿಸಿಲು. ಮುಚ್ಚಳ ಹುಡುಕಿ ತರುವಷ್ಟರಲ್ಲಿ ನೊಣ ಕೂತಿದ್ದವು.

ಹನ್ನೊಂದೂವರೆಗೆ ಡಾಕ್ಟರ್ ಪ್ರಥಮ ಬಂದ. ಚಿಕ್ಕ ವಯಸ್ಸಿನವನು, ಶಶಾಂಕನ ಹೆಂಡತಿಯ ದೂರದ ನೆಂಟ. ಅವನ ಕ್ಲಿನಿಕ್ಕಿನಿಂದ ಬರುವ ಡಬ್ಬಿಗಳಿಲ್ಲದಿದ್ದರೆ ಲ್ಯಾಬಿನ ಬಾಗಿಲು ಅರ್ಧ ದಿನ ಮುಚ್ಚಬಹುದಿತ್ತು. ಅವನು ಜರ್ಮನಿಗೆ ಹೋಗಿ ಅಲ್ಲಿಯ ಬಿಯರ್ ಕುಡಿದು ಬಂದವನು. ಹಿತ್ತಿಲ ಕುರ್ಚಿಯಲ್ಲಿ ಕೂತು ನಾಲ್ಕನೆಯ ಬ್ಯಾಚಿನ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದ. ಶಶಾಂಕ ದಿನಾ ಹಾಗೇ ಹಿಡಿಯುತ್ತಿದ್ದ, ಬೇರೆಯದನ್ನು.

ಪ್ರಥಮ ಒಂದು ಗುಟುಕು ಕುಡಿದ. ಗಂಟಲು ಕೂಡಲೇ ಅಲುಗಲಿಲ್ಲ.

"ಕ್ಯಾರೆಕ್ಟರ್ ಇದ್ದು," ಎಂದ ಕೊನೆಗೆ.

"ಹೌದ?"

"ಚೂರು ಹುಳಿ ಇದ್ದು. ಬೇಕು ಹೇಳೇ ಮಾಡಿದ್ಯ, ಶಶಾಂಕಣ್ಣ?"

"ಬೇಕು ಹೇಳೇ."

ಬೇಕೆಂದು ಮಾಡಿದ್ದಲ್ಲ. ಗುರುವಾರವೇ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದ. ದುಂಡು ಯೀಸ್ಟಿನ ನಡುವೆ ಕಡ್ಡಿ ಕಡ್ಡಿಯಾಗಿ ಬ್ಯಾಕ್ಟೀರಿಯಾ, ಸಂತೆಯಂತೆ. ಅವು ಬಂದದ್ದು ಎಲ್ಲೋ ಅವನ ಕೈಯಿಂದಲೇ, ಅವನ ಉಸಿರಿನಿಂದಲೇ. ಬೇರೆಯವರ ಡಬ್ಬಿಯಲ್ಲಿ ಅದು ಕಂಡಿದ್ದರೆ 'ಸೋಂಕು ಇದೆ' ಎಂದು ಎರಡೇ ಶಬ್ದ ಬರೆದು ಸಹಿ ಹಾಕಿಬಿಡುತ್ತಿದ್ದ. ಇದಕ್ಕೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟಿದ್ದ.

"ಆ ಹಾಲಿನ ಬೀರನ ರಿಪೋರ್ಟ್ ಆತ?" ಪ್ರಥಮ ಕೇಳಿದ.

"ಆಯ್ದು. ನಿನ್ನೆ ಸಂಜೆ. ಬಿಲಿರುಬಿನ್ ಎಂಟರ ಮೇಲೆ ಇದ್ದು."

"ಬಾಕಿದು?"

"ಎಲ್ಲ ಹಾಂಗೇ."

"ಲಿವರ್ ಹೋದಂಗೇ. ನಾಳೆ ಕಳ್ಸು ಅವನ್ನ, ಹುಬ್ಬಳ್ಳಿ ಆಸ್ಪತ್ರೆಗೆ ಬರೆದು ಕೊಡವು. ಇನ್ನೂ ಕುಡಿತ್ನನ?"

"ಬಿಟ್ಟಿದ್ದೆ ಹೇಳ್ತ."

"ಎಲ್ಲ ಹಾಂಗೇ ಹೇಳ್ತ. ಸಿಕ್ಕಿದ್ರೆ ಹೇಳು, ಇನ್ನು ಒಂದು ಹನಿ ಮುಟ್ಲಾಗ." ಆಮೇಲೆ ಗ್ಲಾಸು ನೋಡಿ ನಕ್ಕ. "ಬೀರ ಹಾಲು ಕೊಡ್ತ, ನೀ ಬೀರು ಕೊಡ್ತೆ."

ಶಶಾಂಕನೂ ನಕ್ಕ. ಆ ನಗೆ ತನ್ನ ಮುಖದ ಮೇಲೆ ಅಂಟಿಕೊಂಡಿರುವುದು ಅವನಿಗೇ ಗೊತ್ತಾಗುತ್ತಿತ್ತು. ಕುದಿಯುವ ಪಾತ್ರೆ ಉಕ್ಕಿತೆಂದು ಎದ್ದು ಶೆಡ್ಡಿಗೆ ಹೋದ. ನೊರೆ ಇಳಿಸಿ, ಕಿಟಕಿಯಿಂದ ಸುಮ್ಮನೆ ಹೊರಗೆ ನೋಡಿದ. ಪ್ರಥಮ ಎರಡೂ ಕಡೆ ನೋಡಿ, ಬಗ್ಗಿ, ಗ್ಲಾಸಿನಲ್ಲಿದ್ದುದನ್ನು ಕ್ರೋಟನ್ ಗಿಡದ ಕುಂಡಕ್ಕೆ ಸುರಿದ. ನಿಧಾನವಾಗಿ, ಸದ್ದಾಗದಂತೆ. ಆಮೇಲೆ ಕರವಸ್ತ್ರದಿಂದ ತುಟಿ ಒರೆಸಿ, ನಾಲಿಗೆಯನ್ನೂ ಒರೆಸಿಕೊಂಡ.

ಶಶಾಂಕ ಹೊರಗೆ ಬಂದಾಗ ಅವನು ಖಾಲಿ ಗ್ಲಾಸು ತೋರಿಸಿದ.

"ಮುಗದ್ದು," ಎಂದ.

"ಇನ್ನೊಂಚೂರು?"

"ಬೇಡ, ಡ್ರೈವ್ ಮಾಡವು."

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಶಶಾಂಕ ಕುಂಡದ ಹತ್ತಿರ ಹೋಗಿ ನಿಂತ. ಮಣ್ಣಿನ ಮೇಲೆ ನೊರೆ ಇನ್ನೂ ಸಿಡಿಯುತ್ತಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದಲು, ಆ ಕರವಸ್ತ್ರ ಈಗ ಪ್ರಥಮನ ಜೇಬಿನಲ್ಲಿ ಒದ್ದೆಯಾಗಿ ಮಡಚಿಕೊಂಡಿದೆಯಲ್ಲ ಎಂಬುದೊಂದೇ ನೆನಪಾಯಿತು.

ಮಧ್ಯಾಹ್ನ ಅಭಿಜ್ಞಾ ಎರಡೇ ಮಾತಾಡಿದಳು. "ಮಜ್ಜಿಗೆ ಬೇಕ?" ಮತ್ತು "ಕೈ ಸೋಪು ಹಾಕಿ ತೊಳ್ಕ." ಅವನು ತೊಳೆದುಕೊಂಡೇ ಕೂತಿದ್ದ. ಮತ್ತೆ ಎದ್ದು ತೊಳೆದ. ಅನ್ನದಲ್ಲೂ ಬಾರ್ಲಿಯ ವಾಸನೆಯಿತ್ತು. ಅರ್ಧಕ್ಕೆ ಎದ್ದ.

ಮೂರು ಗಂಟೆಗೆ ಬೀರ ಬಂದ. ಹುಲಗೋಳದ ಕಡೆಯವನು, ಐದೆಕರೆ ಗದ್ದೆ, ನಾಲ್ಕು ಎಮ್ಮೆ. ಶಶಾಂಕನಿಗಿಂತ ಹತ್ತು ವರ್ಷ ದೊಡ್ಡವನು. ಆದರೂ ಶಶಾಂಕ ಅವನಿಗೆ ಏಕವಚನ, ಅವನು ಬಹುವಚನ, ಯಾರೂ ಗೊತ್ತು ಮಾಡಿದ್ದಲ್ಲ. ಮೊಪೆಡ್ಡಿನ ಹಿಂದೆ ನೀಲಿ ಡ್ರಮ್ಮು ಕಟ್ಟಿಕೊಂಡು ಬಂದಿದ್ದ. ಟಬ್ಬಿನ ಮುಚ್ಚಳ ತೆಗೆದಾಗ ಹುಳಿವಾಸನೆಯೊಂದಿಗೆ ನೊಣ ಎದ್ದವು. ಬೀರ ಮುಖ ತಿರುಗಿಸಲಿಲ್ಲ. ಬೊಗಸೆಯಲ್ಲಿ ಚರಟ ಎತ್ತಿ ಮೂಸಿದ.

"ಚಲೋ ಅದೆ. ಈ ವಾಸ್ನಿ ಬಂದ್ರೆ ಸಾಕು, ಎಮ್ಮೆ ಹಗ್ಗ ಹರೀತದೆ."

ಸಲಿಕೆಯಿಂದ ಡ್ರಮ್ಮಿಗೆ ತುಂಬತೊಡಗಿದ. ನಡುನಡುವೆ ನಿಂತು ಮುಂಗೈ ಕೆರೆದುಕೊಳ್ಳುತ್ತಿದ್ದ. ಕಣ್ಣಿನ ಬಿಳಿ ಹಳದಿಯಾಗಿತ್ತು. ಆ ಹಳದಿಗೆ ಎಷ್ಟು ಅಂಕಿ ಎಂಬುದು ಶಶಾಂಕನಿಗೆ ದಶಮಾಂಶದವರೆಗೆ ಗೊತ್ತಿತ್ತು.

"ನಂದು ರಿಪೋರ್ಟು ಬಂತನ್ರಾ, ಹೆಗ್ಡೇರೆ?"

ಶಶಾಂಕ ನಲ್ಲಿ ತಿರುಗಿಸಿ ಕೈ ಒಡ್ಡಿದ. "ನಾಳೆ ಬಾ."

"ನೀವು ನೋಡಿದ್ರಾ?"

"ಇನ್ನೂ ಪೂರ್ತಿ ಆಗ್ಲಿಲ್ಲ. ಡಾಕ್ಟರು ಹೇಳ್ತಾರೆ."

"ಎಂತಾದ್ರೂ ಇದ್ರೆ ನೀವೇ ಹೇಳ್ತಿದ್ರಿ ಬಿಡಿ," ಎಂದು ಬೀರ ಮತ್ತೆ ಸಲಿಕೆ ಎತ್ತಿದ.

ಹೇಳಬಹುದಿತ್ತು. ಭಾನುವಾರ, ಮನೆಯ ಹಿತ್ತಿಲು, ಅದು ಡಾಕ್ಟರರ ಕೆಲಸ. ಇಂಥ ನಾಲ್ಕೈದು ಕಾರಣಗಳು ತಯಾರಾಗಿಯೇ ಇದ್ದವು, ಒಂದೂ ಸುಳ್ಳಲ್ಲ. ಮೇಜಿನ ಮೇಲೆ ಪ್ರಥಮನಿಗೆಂದು ತೆರೆದ ಬಾಟಲಿಯಲ್ಲಿ ಮುಕ್ಕಾಲು ಹಾಗೇ ಉಳಿದಿತ್ತು. ಆರು ತಿಂಗಳು, ನಾಲ್ಕು ಬ್ಯಾಚು, ಎಂಬತ್ತು ಲೀಟರು. ಒಬ್ಬ ಮನುಷ್ಯ ಒಂದು ಗ್ಲಾಸನ್ನು ತಳದವರೆಗೆ ಕುಡಿದದ್ದನ್ನು ಅವನು ನೋಡಿರಲಿಲ್ಲ.

ಯೋಚಿಸಿ ಮಾಡಿದ್ದಲ್ಲ. ಕೈ ಆಗಲೇ ಆ ಬಾಟಲಿಯಿಂದ ಗ್ಲಾಸಿಗೆ ಸುರಿಯುತ್ತಿತ್ತು.

"ಇದೆಂತ?" ಬೀರ ಕೇಳಿದ.

"ನಾನೇ ಮಾಡಿದ್ದು. ಈ ಬಾರ್ಲಿದೇ."

ಬೀರ ಸಲಿಕೆ ಕೆಳಗಿಟ್ಟ, ಗ್ಲಾಸು ಮುಟ್ಟಲಿಲ್ಲ. "ನಾ ಕುಡ್ಯೂದು ಬಿಟ್ಟೇನ್ರಾ. ದೀಪಾವಳಿಗೇ ಬಿಟ್ಟದ್ದು. ನನ್ನ ಹೆಂಡ್ತಿ ಮಂಜಿ, ದೇವರ ಮುಂದೆ ಆಣೆ ಹಾಕ್ಸ್ಯಾಳೆ."

"ಇದು ಅದಲ್ಲ."

"ಅಲ್ಲನ?"

"ಬಾರ್ಲಿ ನೀರು. ಜ್ವರ ಬಂದವ್ರಿಗೆ ಕೊಡೂದಿಲ್ವ."

ಬೀರ ನೊರೆಯನ್ನು ನೋಡಿದ. ಅಷ್ಟು ತಿಳಿಯದವನಲ್ಲ.

"ನನ್ನ ಈ ಹೊಟ್ಟಿಗೆ ಎಂತ ಆಗೂದಿಲ್ಲಲ?"

"ಏನೂ ಆಗಲ್ಲ."

"ನಿಮಗೆ ಗೊತ್ತಿರ್ತದೆ. ಲ್ಯಾಬಿನೋರು."

ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ಕಣ್ಣು ಮುಚ್ಚಿ, ಕಷಾಯ ಕುಡಿಯುವವರಂತೆ ಬೀರ ಒಂದೇ ಉಸಿರಿಗೆ ಕುಡಿದ. ಗಂಟಲಿನ ಗಂಟು ಮೇಲೆ ಕೆಳಗೆ ಹೋಗುವುದನ್ನು ಶಶಾಂಕ ನೋಡಿದ. ಒಂದು, ಎರಡು, ಮೂರು. ಎದೆಯಲ್ಲಿ ಏನೋ ಬೆಚ್ಚಗಾಯಿತು. ಸಂತೋಷವೇ ಇರಬೇಕು. ಎಷ್ಟೋ ದಿನದ ಮೇಲೆ ಬಂದದ್ದರಿಂದ ಗುರುತು ಹತ್ತಲಿಲ್ಲ.

"ಹೇಗಿದೆ?"

ಬೀರನ ಮುಖ ಕಿವುಚಿತ್ತು. ಕಣ್ಣು ತೆರೆದು ಶಶಾಂಕನನ್ನು ನೋಡಿದ. ಆ ಮುಖದಲ್ಲಿ ಏನು ಕಂಡನೋ, ತನ್ನ ಮುಖವನ್ನು ಸರಿಮಾಡಿಕೊಂಡ.

"ಚಲೋ ಅದೆ," ಎಂದ. "ನೀವು ಮಾಡಿದ್ದು ಚಲೋನೇ ಇರ್ತದೆ."

"ಇನ್ನೊಂದು ಗ್ಲಾಸು?"

ಬೀರ ಗ್ಲಾಸು ಒಡ್ಡಿದ. ಬೇಡವೆಂದರೆ ಎದುರಿನವನಿಗೆ ನೋವಾದೀತು ಎಂಬುದಷ್ಟೇ ಅವನ ಒಡ್ಡಿದ ಕೈಯಲ್ಲಿತ್ತು. ಅದು ಶಶಾಂಕನಿಗೆ ಸ್ಪಷ್ಟವಾಗಿ ಕಂಡಿತು. ಕಂಡೂ ಬಾಟಲಿ ಬಗ್ಗಿಸಿದ.

ಕುಡಿದಾದ ಮೇಲೆ ಬೀರ ಹೊರಗಿನ ನಲ್ಲಿಯಲ್ಲಿ ಗ್ಲಾಸನ್ನು ತಾನೇ ತಿಕ್ಕಿ ತೊಳೆದು ಕಂಪೌಂಡಿನ ಮೇಲೆ ಬೋರಲು ಹಾಕಿದ. ಡ್ರಮ್ಮು ಬಿಗಿದು, "ನಾಳೆ ಬರ್ತೆ, ರಿಪೋರ್ಟಿಗೆ," ಎಂದು ಮೊಪೆಡ್ಡು ಹತ್ತಿದ. ತಿರುಗುವಾಗ ಒಮ್ಮೆ ಓಲಾಡಿದಂತಾಯಿತು. ಡ್ರಮ್ಮಿನ ಭಾರಕ್ಕಿರಬೇಕು.

ಒಳಗಿನಿಂದ ಅಭಿಜ್ಞಾ ಕೇಳಿದಳು. "ಅವಂಗೆ ಎಂತ ಕೊಟ್ಟೆ?"

"ಎಂತಿಲ್ಲೆ."

"ನೋಡಿದ್ದಿ ಆನು."

ಅವನು ಬಾಗಿಲ ಕಡೆ ತಿರುಗಿದ. ಅವಳು ಅಲ್ಲಿರಲಿಲ್ಲ. ಪಾತ್ರೆ ತಿಕ್ಕುವ ಸದ್ದು ಶುರುವಾಯಿತು.

ಗೇಟು ಹಾಕಲು ಹೋದಾಗ ಕಂಡಿತು. ಡ್ರಮ್ಮಿನ ತಳ ಒಡೆದಿರಬೇಕು. ಚರಟದ ರಸ ಸೋರಿ, ಗೇಟಿನಿಂದ ರಸ್ತೆಗೆ, ರಸ್ತೆಯಲ್ಲಿ ಉದ್ದಕ್ಕೆ, ಒಂದು ಕಂದು ಗೆರೆ ಹೋಗಿತ್ತು. ಗೆರೆಯ ಮೇಲೆ ನೊಣ ಕೂರತೊಡಗಿದ್ದವು. ನೋಡುನೋಡುತ್ತ ಕಂದು ಹೋಗಿ ಕಪ್ಪಾಯಿತು. ಅದು ಅಲ್ಲಾಡುತ್ತಿತ್ತು.

ಶಶಾಂಕ ಬಕೆಟ್ಟಿನಲ್ಲಿ ನೀರು ತುಂಬಿ ತಂದ. ಒಂದು ಮಗ್ಗು ಹೊಯ್ದ. ನೊಣ ಎದ್ದು ಒಂದು ಮಾರು ಮುಂದೆ ಕೂತವು. ಇನ್ನೊಂದು ಮಗ್ಗು ಹೊಯ್ದು ಚಪ್ಪಲಿಯಿಂದ ಉಜ್ಜಿದ. ಹೀಗೆ ನಾಲ್ಕು ಮನೆ ದಾಟಿದ. ಲಕ್ಷ್ಮೀ ಅತ್ತೆ, ತಿರುವಿನ ಮನೆಯವಳು, ಜಗುಲಿಯಿಂದ ಎದ್ದು ನೋಡಿದಳು.

"ಎಂತ ತೊಳೀತಾ ಇದ್ದೆ ತಮಾ? ನಾಳೆ ನೀರು ಬತ್ತಿಲ್ಲೆ, ಗೊತ್ತಿಲ್ಯ?"

"ಎಂತಿಲ್ಲೆ. ಚೆಲ್ಲಿ ಹೋತು."

"ಎಂತ ಚೆಲ್ಲಿದ್ದು?"

"ಬಾರ್ಲಿ ನೀರು."

ಅವಳು ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ತಿರುವಿನಲ್ಲಿ ಬಕೆಟ್ಟು ಖಾಲಿಯಾಯಿತು. ಅವನು ಅದನ್ನು ಬಗ್ಗಿಸಿ ಕೊನೆಯ ಹನಿಯನ್ನೂ ಬಸಿದ. ಜೇಬಿನಲ್ಲಿ ಫೋನು ಇತ್ತು, ಅದರಲ್ಲಿ ಬೀರನ ನಂಬರಿತ್ತು. ಬಲಗೈಯಲ್ಲಿ ಮಗ್ಗಿತ್ತು. ಮುಂದೆ ಗೆರೆ ನಿಲ್ಲದೆ, ಎಲ್ಲೂ ತುಂಡಾಗದೆ, ಹುಲಗೋಳದ ದಿಕ್ಕಿಗೆ ಇಳಿದು ಹೋಗುತ್ತಿತ್ತು. ತಿರುಗಿ ನೋಡಿದ. ತೊಳೆದ ಅಷ್ಟೂ ಉದ್ದಕ್ಕೆ ಚರಟದ ರಸ ಬೆರೆತ ಸಿಹಿನೀರು ಈಗ ರಸ್ತೆಯ ಅಗಲ ಹರಡಿಕೊಂಡಿತ್ತು. ಅವನ ಗೇಟಿನಿಂದ ಅವನ ಕಾಲಿನವರೆಗೆ ರಸ್ತೆಗೆ ರಸ್ತೆಯೇ ನೊಣವಾಗಿ, ಬಿಸಿಲಿನಲ್ಲಿ ಮೆಲ್ಲಗೆ ಉಸಿರಾಡುತ್ತಿತ್ತು.