ಮೂವತ್ತು ಎಣಿಸುವ ತನಕ

ಅಂಟು ಇನ್ನೂ ಹಸಿ, ಬೆರಳಿಗೆ ಹತ್ತುತ್ತಿದೆ, ಹಲಗೆಯ ನಡುವೆ ಆ ಕಪ್ಪು ತೂತು — ಇಲ್ಲ, ಇದೂ ಅಲ್ಲ, ಅದು ಇಷ್ಟು ದುಂಡಗಿರಲಿಲ್ಲ, ತೆರೆದು ಮುಚ್ಚಿ ತೆರೆದು ಮುಚ್ಚಿ ಆಡುತ್ತಿತ್ತು, ಎದೆ ನಿಂತ ಆ ಕೆಲವು ನಿಮಿಷ ಅವನು ಕಂಡದ್ದು ಅದೊಂದನ್ನೇ, ಸುತ್ತ ಬಿಳಿ, ನಡುವೆ ಕಪ್ಪು, ಆಚೆ ಕಡೆಯ ಬಾಗಿಲೇ ಇರಬೇಕು, ಮತ್ತೇನು, ಡಾಕ್ಟರು ಕೇಳಿ ನಕ್ಕರು, ಮಿದುಳಿಗೆ ರಕ್ತ ಹೋಗದಿದ್ರೆ ಏನೇನೋ ಕಾಣತ್ತೆ ಸಾರ್ ಅಂದರು, ನಗಲಿ ಬಿಡು, ಸತ್ತು ಬಂದವನು ತಾನೋ ಅವರೋ. ಐದು ತಿಂಗಳಿಂದ ಇದೇ ಕೆಲಸ, ಅಲ್ಲಿ ಕಂಡದ್ದನ್ನು ಹಲಗೆ ಮೇಲೆ ಅಂಟಿಸಿ ಮೂಡಿಸುವುದು, ತನ್ನದೇ ಎದೆಯ ಎಕ್ಸ್‌ರೇ ಕತ್ತರಿಸಿ ಅಂಟಿಸಿದ್ದಾಯಿತು, ಬ್ಯಾಂಡೇಜು, ಮೇಣ, ಹಳೇ ಕೋಟಿನ ಅಸ್ತರು, ಒಂಬತ್ತು ಹಲಗೆ ಮೂಲೆ ಸೇರಿದವು, ಆ ಬಾಗಿಲೊಂದು ಕೈಗೆ ಸಿಕ್ಕಿದರೆ ಸಾಕು, ಎದೆ ಮತ್ತೆ ನಿಂತರೂ ನಿಲ್ಲಲಿ, ಹೋಗುವ ದಾರಿ ಗೊತ್ತಿದ್ದವನಿಗೆ ಯಾತರ ಭಯ, ಸಿಗುತ್ತಿಲ್ಲವಲ್ಲ ಹಾಳಾದ್ದು, ಕೂತರೂ ನಿಂತರೂ ಎದೆಬಡಿತಕ್ಕೇ ಕಿವಿ.

ಅಕ್ಕಾ, ಬಾ, ಒತ್ತು ಅಂತ ಕೂಗಿದ. ಅಂಟು ಹಿಡಿಯುವವರೆಗೆ ಒತ್ತುವುದು ಇಪ್ಪತ್ತು ವರ್ಷದಿಂದ ಅಕ್ಕನ ಪಾಲು, ಅಂಗೈ ಮೇಲೆ ಅಂಗೈ, ಮೈಭಾರವೆಲ್ಲ ಬಿಟ್ಟು, ಮೂವತ್ತು ಎಣಿಸುವ ತನಕ, ಬೇಗ ಬಿಟ್ಟರೆ ಬೈಗುಳ. ಬಂದಳು, ಗೊಣಗುತ್ತಲೇ, ಗೋಣಿಚೀಲಕ್ಕೂ ಚೌಕಟ್ಟು ಹಾಕೋನು ನೀನೊಬ್ನೇ ಕಣೋ, ಆಮೇಲೆ ದನಿ ತಗ್ಗಿಸಿ, ಇಷ್ಟು ದಿನ ನುಂಗಿಕೊಂಡದ್ದನ್ನು, ಅಲ್ವೋ, ಅಲ್ಲಿ ಅಮ್ಮ ಏನಾದ್ರೂ ಕಂಡ್ಲಾ? ಹೂಂ ಅಂದುಬಿಟ್ಟರೆ ತನ್ನ ಗಂಟೇನು ಹೋಗುತ್ತದೆ, ಅವಳಿಗಾದರೂ ನೆಮ್ಮದಿ, ಮೊದಲು ಒತ್ತು ಅಂದ, ಉತ್ತರ ಮುಂದೂಡಲು. ನೆಲದ ಮೇಲಿನ ಹಲಗೆಗೆ ಅವಳು ಬಗ್ಗಿದಳು, ಚೆಲ್ಲಿದ ಅಂಟು ಒರೆಸುತ್ತಿದ್ದವನು ಸುಸ್ತಾಗಿ ಅಲ್ಲೇ ಪಕ್ಕದಲ್ಲಿ ಅಂಗಾತ ಮಲಗಿದ, ಬೆನ್ನಿಗೆ ನೆಲ ತಣ್ಣಗೆ, ಮೇಲೆ ಬಿಳಿ ಸೂರು, ಅದರ ಕೆಳಗೆ ಅವಳ ಮುಖ, ಎಣಿಸುವ ಬಾಯಿ, ಆರು, ಏಳು, ತೆರೆದು ಮುಚ್ಚಿ ತೆರೆದು ಮುಚ್ಚಿ — ಅವತ್ತು ಬಿದ್ದದ್ದೂ ಇದೇ ನೆಲದ ಮೇಲೆ, ಆಂಬುಲೆನ್ಸ್ ಬರೋವರೆಗೂ ಏನ್ ಮಾಡಿದ್ರಿ ಅಂತ ಡಾಕ್ಟರು ಕೇಳಿದಾಗ, ನಂಗೆ ಬರೋದು ಒಂದೇ ಸಾರ್, ಎಣಿಸ್ತಾ ಎಣಿಸ್ತಾ ಎದೆ ಒತ್ತಿದೆ ಅಂದಿದ್ದಳು, ಅವನು ಕೇಳಿಯೂ ಕೇಳಿರಲಿಲ್ಲ. ಬಾಗಿಲಲ್ಲ, ಅಯ್ಯೋ, ಬಾಗಿಲೇ ಅಲ್ಲ, ದಾರಿಯೂ ಇಲ್ಲ, ಭಯ ಇದ್ದಲ್ಲೇ ಇದೆ. ಅಮ್ಮ ಇರಲಿಲ್ಲ ಅಕ್ಕಾ, ನೀನಿದ್ದೆ. ಅವಳು ಎಣಿಸುತ್ತಲೇ ಇದ್ದಳು, ಹದಿನಾರು, ಹದಿನೇಳು, ಕಣ್ಣು ತುಂಬಿದೆ, ಕೈ ಬಿಟ್ಟಿಲ್ಲ, ಹದಿನೆಂಟು, ಆ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ —