ಎಳೆ ಹರಿದಾಗ ಎದ್ದವರು

ನಾನು ಒಂದು ತಾಳದ ಪೆಟ್ಟಿಗೆ. ಗುಂಡಿ ಒತ್ತಿದರೆ ಡೋಲು, ತಾಳ ಎಲ್ಲ ನನ್ನ ಹೊಟ್ಟೆಯಿಂದಲೇ ಬರುತ್ತಿದ್ದವು. ಹುಟ್ಟಿದ್ದು ಜಪಾನಿನ ಕಾರ್ಖಾನೆಯಲ್ಲಿ. ದುಡಿಮೆಗೆ ಬಿದ್ದದ್ದು ಸೊಲ್ಲಾಪುರದ ಮದುವೆ ಆರ್ಕೆಸ್ಟ್ರಾದಲ್ಲಿ. ಅಲ್ಲಿ ಮೂಲೆಗೆ ಬಿದ್ದಿದ್ದ ನನ್ನನ್ನು ಬನಹಟ್ಟಿಯ ಮುರಿಗೆಪ್ಪ ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

ಅವನ ಮನೆಯಲ್ಲಿ ಪವರ್‌ಲೂಮ್‌ಗಳಿದ್ದವು. ಅವ್ವ ಸಾಂತವ್ವ, ತಂಗಿ ಕಸ್ತೂರಿ ಅವುಗಳ ಮುಂದೆಯೇ ದಿನ ಕಳೆಯುತ್ತಿದ್ದರು. ಆ ಮಗ್ಗಗಳ ಬಡಿತವನ್ನೇ ಮುರಿಗೆಪ್ಪ ನನಗೆ ಕಲಿಸಿದ. ಅದರ ಮೇಲೆ ಅವನ ಕೀಬೋರ್ಡಿನ ಗುಂಯ್ ಎನ್ನುವ ನಾದ, ಕಸ್ತೂರಿಯ ಗಟ್ಟಿ ಕೂಗು. ತಂಡಕ್ಕೆ, ಮಗ್ಗದಲ್ಲಿ ಅತ್ತಿತ್ತ ಓಡುವ ‘ಲಾಳಿ’ಯ ಹೆಸರನ್ನೇ ಇಟ್ಟರು. ಯಂತ್ರದ ಬಡಿತಕ್ಕೆ ಮೈ ಕುಣಿಯಬೇಕು, ಅದೂ ಮೊದಲು ತನ್ನ ಓಣಿಯವರದು, ತನ್ನ ಅವ್ವನದು ಎಂಬುದು ಅವನ ಹಟ.

ಅಮಾವಾಸ್ಯೆ, ಮಗ್ಗಗಳಿಗೆ ರಜೆ. ಓಣಿಯವರೆಲ್ಲ ಅಂಗಳದಲ್ಲಿ ಕೂತರು. ನಾನು ಬಡಿದೇ ಬಡಿದೆ. ಯಾರೂ ಅಲುಗಲಿಲ್ಲ, ಕೆಲವರು ತೂಕಡಿಸಿದರು. ಆ ಸಪ್ಪಳದಲ್ಲೇ ಹುಟ್ಟಿ ಬೆಳೆದವರಿಗೆ ನಾನು ಜೋಗುಳವಾಗಿದ್ದೆ.

“ಸೂಟಿ ದಿನಾನೂ ಮಗ್ಗ ಹೊಡಸ್ತಿ ಏನಲೇ ಮುರಿಗ್ಯಾ?” ಎಂದು ಪಕ್ಕದ ಮನೆಯ ಗುರಸಿದ್ದಣ್ಣ ಚಾಷ್ಟಿ ಮಾಡಿದ.

ಆಗಲೇ ಕಸ್ತೂರಿಯ ಕಾಲಿಗೆ ನನ್ನ ವೈರ್ ತೊಡರಿ ಕಿತ್ತುಬಂತು. ನಾನು ಗಪ್ಪಾದೆ. ಅಷ್ಟೇ, ಅಂಗಳವೆಲ್ಲ ಧಡಕ್ಕನೆ ಎದ್ದು ನಿಂತಿತು! ಮಗ್ಗ ತಾನಾಗಿ ನಿಂತಿತೆಂದರೆ ನೂಲಿನ ಎಳೆ ಹರಿದಿದೆ. ನೇಕಾರ ಎದ್ದು ಗಂಟು ಹಾಕಲೇಬೇಕು. ಕೈಗಳು ಗಾಳಿಯಲ್ಲಿ ಎಳೆ ಹುಡುಕಿದವು. ತಮ್ಮ ಅವಸ್ಥೆಗೆ ತಾವೇ ನಕ್ಕರು. ಕಸ್ತೂರಿ ವೈರ್ ಚುಚ್ಚಿದಳು. ಎದ್ದ ಮೈಗಳು ಮತ್ತೆ ಕೂರಲಿಲ್ಲ. ಗುರಸಿದ್ದಣ್ಣನೇ ಮೊದಲು ಕುಣಿದ.

ಕೂತೇ ಇದ್ದವಳು ಸಾಂತವ್ವ ಒಬ್ಬಳು. “ಎಳಿ ಎಲ್ಲಿ ಹರದೈತಿ? ವೈರ್ ಕಿತ್ತೈತಿ,” ಎಂದಳು.

ಅಂದಿನಿಂದ ಪ್ರತಿ ಹಾಡಿನ ನಡುವೆ ನನ್ನನ್ನು ತಟಕ್ಕನೆ ನಿಲ್ಲಿಸುತ್ತಿದ್ದರು. ಪುಣೆ, ಮುಂಬಯಿ ಸುತ್ತಿದೆವು. ನಮ್ಮ ಕ್ಯಾಸೆಟ್ಟು ಕೇಳಿ ಎಷ್ಟೋ ಜನ ತಂಡ ಕಟ್ಟಿದರು. ಮಗ್ಗವನ್ನೇ ಕಾಣದ ಅವರೂ ಆ ನಿಲುಗಡೆಗೆ ‘ಎಳೆ’ ಎನ್ನುತ್ತಿದ್ದರು. ಊರಿಗೆ ಬಂದಾಗಲೆಲ್ಲ ಮುರಿಗೆಪ್ಪ ಅವ್ವನ ಮುಂದೆ ನನ್ನನ್ನು ನುಡಿಸುವನು. ಅವಳು ಅವನ ಬೆರಳು ನೋಡಿ, “ನೀನ ನಿಂದರಿಸೀದಿ,” ಎಂದು ಕೂತೇ ಇರುವಳು.

ಕಾಲ ಕಂಪ್ಯೂಟರಿನದಾಯಿತು. ಕಸ್ತೂರಿ ಇಳಕಲ್ಲಿನ ಸೊಸೆಯಾದಳು. ಮಗ್ಗಗಳನ್ನು ಮಾರಿದರು. ನಾನು ಹಿಟ್ಟಿನ ಡಬ್ಬಿಯ ಪಕ್ಕ ಸೇರಿದೆ. ಮೊನ್ನೆ ಮುರಿಗೆಪ್ಪ ಧೂಳು ಒರೆಸಿ ಚಾಲೂ ಮಾಡಿದ. ಸಾಂತವ್ವ ಗೋಡೆಗೊರಗಿ ಕೂತಿದ್ದಳು. ತುಸು ಹೊತ್ತು ಬಡಿದೆ. ಆಮೇಲೆ ಒಳಗೇನೋ ಸೋತು, ಯಾರೂ ಮುಟ್ಟದೆಯೇ ನಿಂತುಬಿಟ್ಟೆ.

ಮುದುಕಿ ಗೋಡೆ ಹಿಡಿದು ಎದ್ದಳು.

“ಕುಂಡ್ರಬೇ ಅವ್ವಾ, ವೈರ್ ಬಿಚ್ಚಿರಬೇಕು.”

“ವೈರ್ ಸರಿ ಐತಿ. ಎಳೀನ ಹರದೈತಿ. ಸರಿ ಅತ್ತಾಗ.”

ಮುರಿಗೆಪ್ಪ ಸರಿದು ನಿಂತ. ಅವಳು ಬಾಗಿ, ಬೆರಳುಗಳಿಂದ ನನ್ನ ಗುಂಡಿಗಳ ಸಂದಿಯಲ್ಲಿ ಎಳೆಯ ತುದಿ ಹುಡುಕತೊಡಗಿದಳು. ಸಿಗುವುದಿಲ್ಲವೆಂದು ನನಗೆ ಗೊತ್ತು. ಆದರೂ ಇಷ್ಟು ಜನರನ್ನು ಕುಣಿಸಿದ ನನ್ನ ಮೈ ಕಡೆಗೂ ಅವಳನ್ನು ಎಬ್ಬಿಸಿತ್ತು, ಇನ್ನು ಸ್ವಲ್ಪ ಹೊತ್ತು ಹುಡುಕಲಿ ಎನಿಸಿತು.