ಹನ್ನೆರಡರಲ್ಲಿ ಒಂದು ಪಾಲು

ಅಂಟು ಇನ್ನೂ ಒಣಗಿಲ್ಲ, ಬೆರಳಿಗೆ ಜಿಗುಟು ಹತ್ತುತ್ತಿದೆ, ಕಿಟಕಿಯ ಬಿಸಿಲು ಮೇಜಿನ ಅಂಚಿಗೆ ಬಂದಿದೆ ಅಂದರೆ ಮೂರೂವರೆ, ನಾಲ್ಕಕ್ಕೆ ಅಣ್ಣ ಬರುತ್ತಾನೆ, ಅತ್ತಿಗೆ ಕೈ ಹಿಡಿದು ಕರೆತರುತ್ತಾಳೆ, ಅವನಿಗೆ ಏನೂ ಹೇಳಿಲ್ಲ, ಸುಮ್ಮನೆ ಬಾ ಅಂದಿದ್ದೇನೆ — ಅಷ್ಟರಲ್ಲಿ ಈ ಕೊನೆಯ ಚಕ್ರ ಕೂರಬೇಕು, ಕೂರುತ್ತದೆ, ಊದಬಾರದು, ಊದಿದರೆ ಧೂಳು ಮೆತ್ತಿಕೊಳ್ಳುತ್ತದೆ, ಮೂವತ್ತೆರಡು ವರ್ಷ ಹಲ್ಲು ಕಟ್ಟಿದವಳಿಗೆ ಇಷ್ಟೂ ತಾಳ್ಮೆ ಇಲ್ಲದಿದ್ದರೆ ಹೇಗೆ. ಅರ್ಧ ಊರು ನಾನು ಮಾಡಿಕೊಟ್ಟ ಹಲ್ಲಿನಲ್ಲಿ ನಗುತ್ತದೆ, ಹೆಸರು ಮಾತ್ರ ದಂತವೈದ್ಯರದ್ದು, ಹಿಂದಿನ ಕೋಣೆಯಲ್ಲಿ ಮೇಣ ಕರಗಿಸುತ್ತ ಕೂತವಳು ಯಾರಿಗೆ ಗೊತ್ತು, ಇರಲಿ. ಈಗ ಮೇಜಿನ ಮೇಲಿರುವುದು ಒಕ್ಕಣೆ ಯಂತ್ರ, ಅಣ್ಣ ಮೂವತ್ತು ವರ್ಷ ನಡೆಸಿದ ಯಂತ್ರ, ಹನ್ನೆರಡರಲ್ಲಿ ಒಂದು ಪಾಲು, ಅಲ್ಲಿ ಒಂದಡಿ ಇದ್ದದ್ದು ಇಲ್ಲಿ ಒಂದಂಗುಲ. ಇದಕ್ಕೂ ಹಲ್ಲುಗಳಿವೆ, ಕಾಳು ಉದುರಿಸುವ ಉರುಳೆಯ ಸುತ್ತ ಅರವತ್ನಾಲ್ಕು, ಒಂದೊಂದನ್ನೂ ಅದೇ ಮೇಣದಲ್ಲಿ ಅಚ್ಚು ತೆಗೆದು ಎರಕ ಹೊಯ್ದೆ, ಅತ್ತಿಗೆ ಒಮ್ಮೆ ಕದ್ದು ನೋಡಲು ಬಂದವಳು ಬಿದ್ದು ಬಿದ್ದು ನಕ್ಕಳು, ಮನುಷ್ಯರದ್ದು ಮುಗೀತು ಅಂತ ಈಗ ಕಬ್ಬಿಣಕ್ಕೆ ಹಲ್ಲು ಕಟ್ತಿದೀಯಾ, ನಿಮ್ಮಣ್ಣಂಗೂ ಕೆಳಗಿನ ಸಾಲು ಅಲ್ಲಾಡ್ತಿದೆ, ಸರದಿಗೆ ಹಾಕ್ಕೋ.

ಹನ್ನೊಂದು ವರ್ಷ. ಅವನ ಕಣ್ಣಿಗೆ ಪಟ್ಟಿ ಕಟ್ಟಿ ಆಸ್ಪತ್ರೆಯಲ್ಲಿ ಮಲಗಿಸಿದ್ದರು, ಎರಡನೆಯ ಶಸ್ತ್ರಚಿಕಿತ್ಸೆ, ಯಂತ್ರ ನಿಂತಿದ್ದ ಷೆಡ್ಡಿನ ಮಾಲೀಕ ಖಾಲಿ ಮಾಡಿ ಖಾಲಿ ಮಾಡಿ ಅಂತ ದಿನಾ ಫೋನು, ಗುಜರಿಯವನು ಈ ವಾರ ಲಾರಿ ಇದೆ ಮೇಡಂ, ಆಮೇಲೆ ನನ್ನ ಕೇಳ್ಬೇಡಿ ಅಂದ, ಅತ್ತಿಗೆ ಹಾಸಿಗೆಯ ಪಕ್ಕ ಬಿಟ್ಟು ಏಳುವ ಹಾಗಿಲ್ಲ, ನಾನೇ ಹೋಗಿ ಸಹಿ ಹಾಕಿದೆ. ಅಲ್ಲೇ ಕತ್ತರಿಸಿದರು, ನೀಲಿ ಬೆಂಕಿಯಲ್ಲಿ, ಮೊದಲು ಉರುಳೆ, ನಾನು ನೋಡುತ್ತ ನಿಂತಿದ್ದೆ, ಯಾಕೆ ನಿಂತೆನೋ. ಪಟ್ಟಿ ಬಿಚ್ಚಿದ ಮೇಲೂ ಅವನಿಗೆ ಬೆಳಕು ಬರಲಿಲ್ಲ. ವಾರ ಬಿಟ್ಟು ಹೇಳಿದೆ. ಬೈಯಲಿಲ್ಲ — ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ — ಹೋಗ್ಲಿ ಬಿಡಮ್ಮ, ನೋಡೋಕಂತೂ ಆಗ್ತಿರಲಿಲ್ಲ, ಒಂದ್ಸಲ ಮುಟ್ಟಿ ಕಳಿಸ್ಬೋದಿತ್ತು, ಅಷ್ಟೆ. ಆ ಅಷ್ಟೆ ಅನ್ನುವ ಮಾತು ಹನ್ನೊಂದು ವರ್ಷದಿಂದ ನನ್ನನ್ನು ಬಿಟ್ಟಿಲ್ಲ, ಕೆಲಸ ಬಿಟ್ಟ ಮರುದಿನವೇ ಈ ಮೇಜು ಹಾಕಿದೆ.

ಇದ್ದದ್ದು ಒಂದೇ ಫೋಟೊ, ಸ್ಟುಡಿಯೊದವರು ಹಳೆಯ ನೆಗೆಟಿವ್‌ನಿಂದ ದೊಡ್ಡದು ಮಾಡಿಕೊಟ್ಟದ್ದು, ಯಂತ್ರ, ಪಕ್ಕದಲ್ಲಿ ಅದನ್ನು ನಿಲ್ಲಿಸುವ ಲಿವರ್ ಹಿಡಿದು ನಿಂತ ಅಣ್ಣ, ಹೆಸರಿನ ಫಲಕದ ಮೇಲೆಲ್ಲ ಹೊಟ್ಟು. ಅವನು ಐದೂವರೆ ಅಡಿ, ಫೋಟೊದಲ್ಲಿ ಐದೂವರೆ ಸೆಂಟಿಮೀಟರ್, ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೆ, ಅವನನ್ನು ಇಟ್ಟುಕೊಂಡೇ ಜರಡಿ ಅಳೆದೆ, ಚಕ್ರ ಅಳೆದೆ, ಪ್ರತಿ ಬೋಲ್ಟಿನ ನಡುವಿನ ಜಾಗ ಅಳೆದೆ, ಎಂಟು ತಿಂಗಳು — ಬಾಗಿಲು ಸದ್ದಾಯಿತು, ಬಂದರು, ಚಪ್ಪಲಿ ಬಿಡುತ್ತಿದ್ದಾರೆ, ಅಂಟು ಒಣಗಿದೆ, ಪುಣ್ಯ.

ಕೂತುಕೋ ಅಂದೆ, ಕೈ ಮುಂದೆ ಮಾಡು ಅಂದೆ. ಅವನ ಬೆರಳುಗಳು ಮೊದಲು ಮೇಜು ಮುಟ್ಟಿದವು, ಆಮೇಲೆ ಚಕ್ರ, ನಿಂತವು. ಏನಮ್ಮ ಇದು. ಮತ್ತೆ ಚಕ್ರ, ಬೆಲ್ಟು, ಜರಡಿ, ಒಳಗೆ ತೂರಿ ಉರುಳೆ, ಒಂದು ಹಲ್ಲು, ಇನ್ನೊಂದು, ಉರುಳೆ ತಿರುಗಿಸಿದ, ತಿರುಗಿತು, ಅವನ ಬಾಯಿ ಸ್ವಲ್ಪ ತೆರೆದೇ ಇತ್ತು, ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ನಾನು ಕಣ್ಣು ಮಿಟುಕಿಸದೆ ಅವನ ಕೈಯನ್ನೇ ನೋಡುತ್ತಿದ್ದೆ, ಹೊಸ ಹಲ್ಲು ಕೂರಿಸಿದ ಮೇಲೆ ರೋಗಿ ಕಚ್ಚಿ ನೋಡುವುದನ್ನು ಕಾದ ಹಾಗೆ. ಆಗ ಅವನ ಬಲಗೈ ಯಂತ್ರ ಬಿಟ್ಟು ಬಲಕ್ಕೆ ಸರಿಯಿತು, ಎರಡಂಗುಲ ಆಚೆ, ಏನೂ ಇಲ್ಲದ ಕಡೆ, ಅಲ್ಲಿ ಮುಷ್ಟಿ ಕಟ್ಟಿತು, ಎಳೆಯಿತು. ಗಾಳಿ. ತಕ್ಷಣ ಕೈ ತೊಡೆಯ ಮೇಲೆ. ಅದೇ ಅದೇ, ತದ್ರೂಪ ಕಣಮ್ಮ, ಒಂದು ಕೂದಲೆಳೆ ಆಚೀಚೆ ಇಲ್ಲ ಅಂದ. ನಾನು ನಕ್ಕೆ. ಚಹಾ ಕೊಟ್ಟೆ. ಮನೆಗೆ ಒಯ್ತೀಯಾ ಅಂದರೆ, ಇಲ್ಲೇ ಇರ್ಲಿ, ಬಂದಾಗ ಮುಟ್ತೀನಿ ಅಂದ, ಹೊರಟರು, ಅವನ ಹೆಜ್ಜೆ ಮೆಟ್ಟಿಲಿಳಿಯುವಷ್ಟೂ ಹೊತ್ತು ನನ್ನ ನಗು ಮುಖದ ಮೇಲೆ ಒಣಗುತ್ತಿತ್ತು.

ಫೋಟೊ ಎಲ್ಲಿ, ಇಲ್ಲಿದೆ, ಭೂತಕನ್ನಡಿ, ಬೋಲ್ಟು ಅಲ್ಲ, ಚಕ್ರ ಅಲ್ಲ, ಅವನನ್ನು ನೋಡು. ಲಿವರ್ ಹಿಡಿದದ್ದು ಎಡಗೈ, ಅಣ್ಣ ಎಡಗೈಯಲ್ಲಿ ಯಾವ ಕೆಲಸ ಮಾಡಿದವನು. ಅಂಗಿಯ ಜೇಬು ಬಲಗಡೆ, ಯಾವ ದರ್ಜಿ ಬಲಗಡೆ ಜೇಬು ಹೊಲಿಯುತ್ತಾನೆ. ತಿರುಗುಮುರುಗು. ಸ್ಟುಡಿಯೊದವರು ನೆಗೆಟಿವ್ ಮಗುಚಿ ಹಾಕಿದ್ದಾರೆ, ನಾನು ಎಂಟು ತಿಂಗಳು ಎಡವನ್ನು ಬಲ ಮಾಡಿ, ಬಲವನ್ನು ಎಡ ಮಾಡಿ, ಎಷ್ಟು ಚೆನ್ನಾಗಿ ತಪ್ಪು ಕಟ್ಟಿದ್ದೇನೆ — ಬಾಯಿಯ ಯಾವ ಪಕ್ಕದ ಹಲ್ಲು ಅಂತ ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪದವಳು. ಅಣ್ಣನನ್ನು ಅಡಿಕೋಲಿನ ಹಾಗೆ ಅಡ್ಡಡ್ಡ ಉದ್ದುದ್ದ ಇಟ್ಟೆ, ಒಮ್ಮೆಯಾದರೂ ಮುಖ ನೋಡಿದೆನೆ, ಜೇಬು ನೋಡಿದೆನೆ.

ಮತ್ತೆ ಆ ಕೈ. ಆ ಕೈ ಯಾವ ಕಡೆ ಚಾಚುತ್ತದೆಂದು ನನಗಲ್ಲದೆ ಯಾರಿಗೆ ಗೊತ್ತಿರಬೇಕಿತ್ತು, ಆಗ ನಾನು ಹನ್ನೆರಡು ವರ್ಷದವಳು, ಬುತ್ತಿ ಕೊಡಲು ಹೋದವಳು, ಬಗ್ಗಿ ಇಣುಕಿದ್ದೇ ಜಡೆ ಬೆಲ್ಟಿಗೆ ಸಿಕ್ಕಿ ಕತ್ತು ಹಿಂದಕ್ಕೆ ಸೆಳೆದು, ಕಣ್ಣು ಮುಚ್ಚಿಬಿಟ್ಟೆ, ಏನೂ ನೋಡಲಿಲ್ಲ, ಗಡಕ್ ಅಂತ ಒಂದು ಸದ್ದು, ಆಮೇಲೆ ಯಂತ್ರ ಪೂರ್ತಿ ನಿಶ್ಶಬ್ದ, ಅಣ್ಣನ ಏದುಸಿರು, ಕತ್ತರಿ ತಗೊಂಬನ್ನಿ, ಜಡೆ ಹೋದ್ರೆ ಹೋಗ್ಲಿ, ಕತ್ತರಿ.

ಫೋನು ಮಾಡಿದೆ, ಅವನೇ ಎತ್ತಿದ. ಲಿವರ್ ಬಲಗಡೆ ಇತ್ತಲ್ಲವಾ ಅಣ್ಣ ಅಂದೆ. ಹೂಂ ಅಂದ. ಯಾಕೆ ಹೇಳ್ಲಿಲ್ಲ. ಎಂಟು ತಿಂಗಳು ಕೂತು ಮಾಡಿದೀಯಂತೆ, ಯಾವ ಬಾಯಲ್ಲಿ ಹೇಳ್ಲಿ, ಬಿಡು, ನಂದೂ ಮರೆವು ಇರ್ಬೋದು. ಮರೆವಲ್ಲ, ಫೋಟೊ ಉಲ್ಟಾ ಆಗಿತ್ತು, ಪೂರ್ತಿ ಬಿಚ್ಚಿ ಮತ್ತೆ ಕಟ್ತೀನಿ. ಬೇಡ ಅನ್ನುತ್ತಾನೆ ಅಂದುಕೊಂಡೆ. ಎಷ್ಟು ದಿನ ಬೇಕು ಅಂದ, ಅಷ್ಟು ಬೇಗ ಕೇಳಿದ ಅಂದರೆ, ನನಗೆ ಅಳುವೂ ನಗುವೂ ಒಟ್ಟಿಗೆ. ಹಲ್ಲೆಲ್ಲ ಹಾಗೇ ಬಳಸ್ಬೋದು, ಐದು ತಿಂಗಳು ಅಂದೆ. ಸರಿ, ಆಗ್ಲಿ, ಹಾಗಿದ್ರೆ ಇನ್ನೊಂದು ಹೇಳ್ತೀನಿ, ಲಿವರ್ ನೆಟ್ಟಗಿರಲಿಲ್ಲ, ನಡುವೆ ಒಳಗಡೆಗೆ ಬಗ್ಗಿತ್ತು, ಫೋಟೊದಲ್ಲಿ ಕಾಣಲ್ಲ, ನನ್ನ ಮುಷ್ಟಿ ಅಡ್ಡ ಇದೆ. ಯಾವಾಗ ಬಗ್ಗಿದ್ದು. ಅವತ್ತೇ ಕಣಮ್ಮ, ನಿನ್ನ ಜಡೆ ಕತ್ತರ್ಸಿದ ದಿನ, ಆಮೇಲೆ ಸರಿ ಮಾಡ್ಸೋಕೆ ಮನಸ್ಸು ಬರ್ಲಿಲ್ಲ.

ಉರುಳೆ ಬಿಚ್ಚಿಟ್ಟೆ, ಚಕ್ರ ಬಿಚ್ಚಿಟ್ಟೆ, ಒಂದು ತುಂಡು ಹಿತ್ತಾಳೆ ತಂತಿ ಇಕ್ಕಳದಲ್ಲಿ ಹಿಡಿದಿದ್ದೇನೆ, ಬೆರಳಗಲದ ಕಬ್ಬಿಣ ಬಗ್ಗಬೇಕಾದರೆ ಎಷ್ಟು ಬಲ, ಅದರ ಹನ್ನೆರಡರಲ್ಲಿ ಒಂದು ಪಾಲು ಅಂದರೆ ಎಷ್ಟು, ಯಾವ ಅಳತೆ, ಇಷ್ಟೆ, ಇಲ್ಲ, ಇನ್ನೂ ಸ್ವಲ್ಪ — ಬಲಗೈ, ಏನೂ ಇಲ್ಲದ ಕಡೆ, ಚಾಚಿ, ಮುಷ್ಟಿ ಕಟ್ಟಿ — ಇನ್ನೂ ಸ್ವಲ್ಪ — ಬಲಗೈ, ಗಾಳಿಯಲ್ಲಿ, ಎಳೆಯುತ್ತಿದೆ.